ನಕ್ಷೆಯಲ್ಲಿ ಗುರುತಿಲ್ಲದ ಊರಿನ ನೀರು

ಮುದನಾಳದ ಕಡೆಯ ಹಿರಿಯರೊಬ್ಬರು ಕುಡಿಯುವ ನೀರಿನ ನಕ್ಷೆ ತೋರಿಸಿ, "ಸಾಹೇಬ್ರ, ನಮ್ಮೂರ ಮ್ಯಾಲ ಕೆಂಪು ಗುರ್ತ ಇಲ್ರಿ. ಅಂದ್ರ ನೀರು ಛಲೋ ಅದಾವಲ್ರಿ?" ಎಂದು ಕೇಳಿದರು. ನೀರು ಒಳ್ಳೆಯದಿರಬಹುದು. ಆದರೆ ಯಾರೂ ಪರೀಕ್ಷಿಸದಿದ್ದರೂ ಗುರುತು ಇರುವುದಿಲ್ಲವಲ್ಲ!

ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾವನ್ನೇ ನೋಡಿ. ಆರ್ಸೆನಿಕ್ ವಿಷವೆಂದರೆ ಪಶ್ಚಿಮ ಬಂಗಾಳದ ಸಮಸ್ಯೆ ಎಂದೇ ಬಹುಕಾಲ ತಿಳಿದಿದ್ದೆವು. 1980ರ ದಶಕದಿಂದ ಹುಡುಕಾಟವೂ ಅಲ್ಲೇ ಹೆಚ್ಚು. ಹಳೆಯ ಚಿನ್ನದ ಗಣಿಗಳಿರುವ ಮಂಗಳೂರು (ಕರಾವಳಿಯದಲ್ಲ, ಸುರಪುರದ್ದು) ಶಿಲಾಪಟ್ಟಿಯ ಈ ತಾಂಡಾದ ನೀರಿನಲ್ಲಿ ಆರ್ಸೆನಿಕ್, ಜನರ ಚರ್ಮದಲ್ಲಿ ಅದರ ಲಕ್ಷಣ ಎರಡನ್ನೂ 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಪರೀಕ್ಷೆಗೆ ಮೊದಲೂ ಜನ ಅದೇ ನೀರು ಕುಡಿದಿದ್ದರು.

ನಕ್ಷೆ ಮಾಡುವವರು ಖಾಲಿ ಜಾಗವನ್ನು ಅಕ್ಕಪಕ್ಕದ ಬಾವಿಗಳ ಅಂಕಿಗಳಿಂದ ಅಂದಾಜಿಸಿ ತುಂಬುವುದುಂಟು. ಮಳೆಯ ಲೆಕ್ಕಕ್ಕೆ ಇದು ಒಪ್ಪೀತು. ನಮ್ಮ ಬಂಡೆನೆಲದಲ್ಲಿ ನೀರು ಬಿರುಕುಗಳಲ್ಲಿ ಹರಿಯುವುದರಿಂದ ಒಂದೇ ಓಣಿಯ ಎರಡು ಬೋರ್‌ವೆಲ್‌ಗಳ ನೀರು ಬೇರೆಯಾಗಿರಬಹುದು. ಅಲ್ಲೊಂದು ಇಲ್ಲೊಂದು ಅಂಕಿ ತಪ್ಪಿದರೆ ಅಂದಾಜು ಅಷ್ಟು ಕೆಡದು. ಆದರೆ ರಸ್ತೆಯಿಲ್ಲದ ದೊಡ್ಡಿ, ತಾಂಡಾಗಳೇ ತಪ್ಪಿದರೆ, ಇಡೀ ತಾಲ್ಲೂಕು ಇರುವುದಕ್ಕಿಂತ ಶುದ್ಧವಾಗಿ ಕಾಣಬಹುದು.

ಆರ್ಸೆನಿಕ್‌ಗೆ ರುಚಿಯಿಲ್ಲ, ವಾಸನೆಯಿಲ್ಲ, ಕಾಯಿಸಿದರೂ ಹೋಗದು. ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟು, ಎದೆ-ಬೆನ್ನಿನ ಮೇಲೆ ಮಳೆಹನಿ ಬಿದ್ದಂತಹ ಕಪ್ಪು-ಬಿಳಿ ಚುಕ್ಕೆ ಕಂಡರೆ ವೈದ್ಯರಿಗೆ ತೋರಿಸಿ. ಯಾವ ನೀರು, ಎಷ್ಟು ವರ್ಷದಿಂದ ಕುಡಿಯುತ್ತಿದ್ದೀರಿ ಎಂಬುದನ್ನೂ ಹೇಳಿ. ನೀರನ್ನು ಪ್ರಯೋಗಾಲಯಕ್ಕೆ ಕೊಡುವಾಗ ಆರ್ಸೆನಿಕ್ ಪರೀಕ್ಷೆ ಬೇಕೆಂದು ಬರೆದೇ ಕೊಡಿ. ನೆರೆಯವರ ಬೋರ್‌ವೆಲ್‌ನ ವರದಿ ನಿಮ್ಮದಕ್ಕೆ ಆಗುವುದಿಲ್ಲ.