ಮುಳ್ಳಯ್ಯನಗಿರಿಯಲ್ಲಿ ಹಿಮ ಬೀಳುತ್ತದೆಯೇ? ದಾವಣಗೆರೆಯಿಂದ ಸ್ಕೀಯಿಂಗ್‌ಗೆ ಹೊರಟವರು ತಿಳಿದಿರಬೇಕಾದದ್ದು

ಡಿಸೆಂಬರ್ ಬಂತೆಂದರೆ ನಮ್ಮ ದಾವಣಗೆರೆ, ಹರಿಹರದ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡತೊಡಗುತ್ತವೆ. ಮೊದಲನೆಯದು ಬೆಳ್ಳಗೆ ಮುಚ್ಚಿದ ಬೆಟ್ಟದ ಫೋಟೊ: ಇದು ಕಾಶ್ಮೀರವಲ್ಲ, ನಮ್ಮ ಚಿಕ್ಕಮಗಳೂರು! ಎರಡನೆಯದು ಹಿಮದೂರಿಗೆ ಹೊರಟವರಿಗೆ ಪುಕ್ಕಟೆ ಸಲಹೆ: ಜೇಬಿನಲ್ಲಿ ಕರ್ಪೂರ ಇರಲಿ, ಚಳಿ ಆದರೆ ಒಂದು ಪೆಗ್ ರಮ್ ಇರಲಿ. ಮೊದಲನೆಯದನ್ನು ನಂಬಿದರೆ ನಷ್ಟವಾಗುವುದು ಪೆಟ್ರೋಲ್ ಮಾತ್ರ. ಎರಡನೆಯದನ್ನು ನಂಬಿದರೆ ಜೀವಕ್ಕೇ ಕುತ್ತು ಬರಬಹುದು.

ಮೊದಲು ಫೋಟೊ ವಿಷಯ. ತಪ್ಪಿನ ಅರ್ಧ ಪಾಲು ನಮ್ಮ ಭಾಷೆಯದೇ. ಕನ್ನಡದಲ್ಲಿ ಮಂಜು ಎಂದರೆ ಬೆಳಗಿನ ಇಬ್ಬನಿಯೂ ಹೌದು, ರಸ್ತೆ ಕಾಣದಂತೆ ಕವಿಯುವ ಮುಸುಕೂ ಹೌದು, ಹಿಮಾಲಯದ ಹಿಮವೂ ಹೌದು. 'ಗಿರಿಯಲ್ಲಿ ಮಂಜು ಬಿದ್ದಿದೆ' ಎಂದು ಯಾರೋ ಹೇಳಿದ ಸರಿಯಾದ ಮಾತು ನಾಲ್ಕು ಗುಂಪು ದಾಟುವಷ್ಟರಲ್ಲಿ ಹಿಮಪಾತವಾಗಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಸರಾಸರಿ 6.5 ಡಿಗ್ರಿ ತಾಪಮಾನ ಇಳಿಯುತ್ತದೆ. ನಮ್ಮಲ್ಲಿ ರಾತ್ರಿ 15 ಡಿಗ್ರಿ ಇದ್ದರೆ ಗಿರಿಯ ತುದಿಯಲ್ಲಿ 6–7 ಡಿಗ್ರಿ ಇರಬಹುದು. ಸ್ವೆಟರ್ ಬೇಕು ನಿಜ, ಆದರೆ ಹಿಮ ಬೀಳಲು ಅಷ್ಟು ಸಾಲದು. ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಚಳಿ ಇರುವಾಗ ಆಕಾಶ ಒಣಗಿರುತ್ತದೆ, ಮೋಡ ತುಂಬಿರುವಾಗ ಚಳಿ ಸಾಲುವುದಿಲ್ಲ.

ಹಾಗಾದರೆ ಫೋಟೊದಲ್ಲಿ ಬೆಳ್ಳಗಿರುವುದೇನು? ಮಾರ್ಚ್‌ನಿಂದ ಮೇವರೆಗಿನ ಫೋಟೊ ಆದರೆ ಬಹುತೇಕ ಆಲಿಕಲ್ಲು. ಊಟಿಯ ಜನವರಿ ಫೋಟೊ ಆದರೆ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುವುದರಿಂದ ಹೀಗಾಗುತ್ತದೆ. ಬಿಸಿಲೇರಿದರೆ ಅದು ಮಾಯ. ಸ್ಕೀಯಿಂಗ್‌ಗೆ ಬೇಕಾದ್ದು ಅಡಿಗಟ್ಟಲೆ ಬಿದ್ದು ವಾರಗಟ್ಟಲೆ ಕರಗದೆ ಉಳಿಯುವ ಹಿಮ. ಅದು ಕರ್ನಾಟಕದಲ್ಲಿ ಎಲ್ಲೂ ಇಲ್ಲ.

ಅದಕ್ಕೆ ಹಿಮಾಲಯಕ್ಕೇ ಹೋಗಬೇಕು. ಗುಲ್ಮಾರ್ಗ್ ಎಲ್ಲಕ್ಕಿಂತ ಪ್ರಸಿದ್ಧ. ಅಲ್ಲಿ 1968ರಿಂದ ಸರ್ಕಾರಿ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ, ಹೊಸಬರಿಗೂ ತರಬೇತಿ ಕೊಡುತ್ತದೆ. ಮನಾಲಿ ಬಳಿಯ ಸೋಲಂಗ್‌ನಲ್ಲೂ ಕಲಿಯಬಹುದು. ಉತ್ತರಾಖಂಡದ ಔಲಿಯ ಇಳಿಜಾರುಗಳು ಚೆನ್ನಾಗಿವೆ. ಆದರೆ ಅಲ್ಲಿಗೆ ಹೋಗುವ ದಾರಿಯ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲ ಕುಸಿದು ರೋಪ್‌ವೇ ನಿಲ್ಲಿಸಬೇಕಾಯಿತು. ಹಳೆಯ ಯೂಟ್ಯೂಬ್ ವಿಡಿಯೊ ನೋಡಿ ಟಿಕೆಟ್ ಬುಕ್ ಮಾಡುವ ಮುನ್ನ ಈಗಿನ ಸ್ಥಿತಿ ವಿಚಾರಿಸಿ. ಹಿಮದಲ್ಲಿ ನಡೆದರೆ ಸಾಕು ಎನ್ನುವವರು ಹೆಚ್ಚಾಗಿ ಹೋಗುವುದು ಉತ್ತರಾಖಂಡದ ಸಾಂಕ್ರಿಯಿಂದ ಹತ್ತುವ ಕೇದಾರಕಂಠಕ್ಕೆ.

ಸಿನಿಮಾದಲ್ಲಿ ನಾಯಕ ಜಾರುವುದು ಇಳಿಜಾರಿನ ಸ್ಕೀಯಿಂಗ್, ಅದರಲ್ಲಿ ಹಿಮ್ಮಡಿಯನ್ನೂ ಸ್ಕೀಗೆ ಬಿಗಿದಿರುತ್ತಾರೆ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಬೂಟಿನ ತುದಿ ಮಾತ್ರ ಸಿಕ್ಕಿಸಿರುತ್ತದೆ, ಹಿಮ್ಮಡಿ ಏಳುತ್ತದೆ. ಹಾಗಾಗಿ ಸಮತಟ್ಟಿನಲ್ಲೂ ಏರಿನಲ್ಲೂ ಮೈಲುಗಟ್ಟಲೆ ಸಾಗಬಹುದು. ಇದರಲ್ಲಿ ಹೆಸರು ಮಾಡಿದ ಭವಾನಿ ತೆಕ್ಕಡ ನಂಜುಂಡ ನಮ್ಮ ಕೊಡಗಿನವರು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಹಿಮವಿಲ್ಲದ ನಾಡಿನಿಂದ! ಇನ್ನು ಸ್ನೋಶೂ ಎಂದರೆ ಬೂಟಿಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟು. ಭದ್ರಾ ನಾಲೆಯ ಗದ್ದೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಸರಿನಲ್ಲಿ ಬರಿಗಾಲಿಟ್ಟರೆ ಮೊಣಕಾಲವರೆಗೆ ಹೂಳುತ್ತದೆ, ಅದೇ ಮನುಷ್ಯ ಹಲಗೆಯ ಮೇಲೆ ನಿಂತರೆ ಹೂಳುವುದಿಲ್ಲ. ತೂಕ ಅಷ್ಟೇ, ಹರಡುವ ಜಾಗ ಹೆಚ್ಚು.

ಈಗ ಕರ್ಪೂರಕ್ಕೆ ಬರೋಣ. ಗುಲ್ಮಾರ್ಗ್‌ನ ಗೊಂಡೊಲಾ ನಿಮ್ಮನ್ನು 2,650 ಮೀಟರ್‌ನಿಂದ ಸುಮಾರು 3,950 ಮೀಟರ್‌ಗೆ ಕೆಲವೇ ನಿಮಿಷಗಳಲ್ಲಿ ಒಯ್ಯುತ್ತದೆ. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟೇ ಇದೆ. ಆದರೆ ಗಾಳಿಯೇ ತೆಳು, ಒಂದು ಉಸಿರಿಗೆ ಸಿಗುವ ಆಮ್ಲಜನಕ ದಾವಣಗೆರೆಯಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು. ಕರ್ಪೂರ ಮೂಸಿದಾಗ ಮೂಗಿನೊಳಗಿನ ತಂಪಿನ ನರಗಳು ಕೆರಳಿ ಗಾಳಿ ಚೆನ್ನಾಗಿ ಆಡಿದಂತೆ ಅನಿಸುತ್ತದೆ, ಅಷ್ಟೇ. ರಕ್ತದ ಆಮ್ಲಜನಕ ಏರುವುದಿಲ್ಲ. 2021ರ ಕೋವಿಡ್ ಅಲೆಯಲ್ಲಿ ಕರ್ಪೂರ, ಲವಂಗ, ಓಮದ ಪೊಟ್ಟಣ ಎಂದು ಹರಿದಾಡಿದ್ದು ಇದೇ ಸುಳ್ಳು. ಮಕ್ಕಳು ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು. ಅದರ ದೊಡ್ಡ ಅಪಾಯ ಬೇರೆ: ತಲೆನೋವು, ವಾಕರಿಕೆ ಬಂದವರು ಕರ್ಪೂರ ಮೂಸಿ ಸರಿಹೋಯಿತು ಎಂದುಕೊಂಡು ಇನ್ನೂ ಮೇಲಕ್ಕೆ ಹತ್ತುತ್ತಾರೆ.

2,500 ಮೀಟರ್ ದಾಟಿದ ಮೇಲೆ ಈ ಕಾಯಿಲೆ ಯಾರಿಗೂ ಬರಬಹುದು. ಜಿಮ್ ಮಾಡಿದ ದೇಹವೂ ರಕ್ಷಣೆಯಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬೇಡಿ. ತಲೆನೋವಿದ್ದರೆ ಅಲ್ಲೇ ನಿಲ್ಲಿ, ಹೆಚ್ಚಾದರೆ ಇಳಿಯಿರಿ. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ ಅಥವಾ ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಇಳಿಸಲೇಬೇಕು. ಡಯಾಮಾಕ್ಸ್ ಮಾತ್ರೆಯನ್ನು ಊರಿನಲ್ಲೇ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ, ಗುಂಪಿನ ಅಡ್ಮಿನ್‌ನನ್ನು ಕೇಳಿಯಲ್ಲ.

ರಮ್ ವಿಷಯವೂ ಇಂಥದೇ ಮೋಸ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿರಕ್ತ ಹೊರಗೆ ಬಂದು ಮೈ ಬೆಚ್ಚಗಾಯಿತು ಎನಿಸುತ್ತದೆ, ನಿಜದಲ್ಲಿ ಆ ಬಿಸಿ ಗಾಳಿಗೆ ಸೋರಿಹೋಗುತ್ತಿರುತ್ತದೆ. ನಡುಕವೂ ತಗ್ಗುತ್ತದೆ, ನಡುಕವೇ ದೇಹ ಬಿಸಿ ಹುಟ್ಟಿಸುವ ದಾರಿ. ದೇಹದ ಒಳ ತಾಪಮಾನ 35 ಡಿಗ್ರಿಗಿಂತ ಇಳಿದರೆ ಬುದ್ಧಿ ಮಂಕಾಗುತ್ತದೆ, ಆಮೇಲೆ ತನಗೆ ತೊಂದರೆಯಾಗಿದೆ ಎಂಬುದೇ ಆ ಮನುಷ್ಯನಿಗೆ ತಿಳಿಯುವುದಿಲ್ಲ. ಮರಗಟ್ಟಿದ ಬೆರಳುಗಳನ್ನು ಹಿಮದಿಂದ ತಿಕ್ಕಿ ಎಂಬ ಸಲಹೆಯೂ ತಪ್ಪು, ತಿಕ್ಕಿದರೆ ಚರ್ಮ ಹರಿಯುತ್ತದೆ.

ಇದು ಚಳಿಗಾಲದ ಮಾತಷ್ಟೇ ಅಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ತಂಡದ ಬಹುಪಾಲು ಜನ ಕರ್ನಾಟಕದವರು. ಒಂಬತ್ತು ಜನ ತೀರಿಕೊಂಡರು. ಜೂನ್ ಎಂದರೆ ನಮಗೆ ಮಳೆಗಾಲದ ಆರಂಭ. 4,000 ಮೀಟರ್ ಮೇಲೆ ಒಂದು ಮಧ್ಯಾಹ್ನದೊಳಗೆ ಅದು ಜನವರಿಯಾಗಬಲ್ಲದು. ಮೈಗಂಟಿದ ಬೆಚ್ಚನೆಯ ಗಾಳಿಯ ಪದರವನ್ನು ಬಿರುಗಾಳಿ ಕಿತ್ತೊಯ್ಯುತ್ತದೆ, ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಬೇಗ. ಆದ್ದರಿಂದ ಬ್ಯಾಗಿನಲ್ಲಿ ಒಂದು ದಪ್ಪ ಜಾಕೆಟ್ ಬದಲು ಮೂರು ಪದರದ ಬಟ್ಟೆ ಇರಲಿ, ಮೇಲಿನದು ಗಾಳಿ-ನೀರು ತಡೆಯುವಂಥದು. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿ ಬನಿಯನ್, ಜೀನ್ಸ್ ಊರಿನಲ್ಲೇ ಇರಲಿ. ಹಿಮದ ಮೇಲೆ ಬಿಸಿಲು ಪ್ರತಿಫಲಿಸಿ ಕಣ್ಣು ಸುಡುವುದರಿಂದ ಕಪ್ಪು ಕನ್ನಡಕ ಶೋಕಿಗಲ್ಲ, ಕಡ್ಡಾಯ. ಗಿರಿಯ ಫೋಟೊ ಮತ್ತೆ ಬಂದರೆ, ಕಳಿಸಿದವರನ್ನು ಅದು ಯಾವ ತಿಂಗಳಲ್ಲಿ ತೆಗೆದದ್ದು ಎಂದು ಒಮ್ಮೆ ಕೇಳಿ ನೋಡಿ.