ವರ್ಷಕ್ಕೊಮ್ಮೆ ಬರುವ ಉಬ್ಬರ

ಎಲ್ಲಿಯ ಕೋಲಾರ, ಎಲ್ಲಿಯ ಕಡಲು! ಭೂಗೋಳದ ಪುಸ್ತಕದಲ್ಲಿ 'ಉಬ್ಬರ-ಇಳಿತ'ದ ಪಾಠ ಬಂದಾಗ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳು ಅದನ್ನು ಬಾಯಿಪಾಠ ಮಾಡಬೇಕೇ ಹೊರತು ಕಣ್ಣಾರೆ ಕಾಣುವಂತಿಲ್ಲ. ಆದರೆ ನೀರು ಏರುವುದು, ಇಳಿಯುವುದು, ಇಳಿದ ಜಾಗದ ಕೆಸರಿಗೆ ಹಕ್ಕಿಗಳು ಮುತ್ತುವುದು, ಇದಿಷ್ಟನ್ನು ನೋಡಲು ಊರ ಮುಂದಿನ ಕೆರೆಯೇ ಸಾಕು.

ಕುಮಟಾ ಬಳಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಜೌಗು ನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸರ್ ಊರಿನಲ್ಲಿ ಆದ ಒಪ್ಪಂದದ ಪಟ್ಟಿ ಅದು. ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ. ನೀರು ಇಳಿದಾಗ ಬಯಲಾಗುವ ಕೆಸರಿನಲ್ಲಿ ಹುಳು, ಚಿಪ್ಪುಜೀವಿಗಳು. ಅವನ್ನು ಹೆಕ್ಕಲು ಗೊರವಗಳ ಗುಂಪು.

ಕೋಲಾರದಲ್ಲಿ ಇದೇ ಆಟ ನಿಧಾನವಾಗಿ ನಡೆಯುತ್ತದೆ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅದಕ್ಕೇ ಹಿರಿಯರು ಸಾವಿರಾರು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಮಳೆಗಾಲದಲ್ಲಿ ಕೆರೆ ತುಂಬಿದರೆ ಅದೇ ಉಬ್ಬರ. ಸಂಕ್ರಾಂತಿ ಕಳೆದು ಬಿಸಿಲು ಏರಿದಂತೆ ಅಂಚು ಹಿಂದೆ ಸರಿಯುವುದೇ ಇಳಿತ. ಹೊಸದಾಗಿ ಬಯಲಾದ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿ, ಟಿಟ್ಟಿಭ, ಚಳಿಗಾಲಕ್ಕೆ ಉತ್ತರದಿಂದ ಬರುವ ಗೊರವ; ನಡುನೀರಿನಲ್ಲಿ ಗುಳುಮುಳುಕ, ನಾಮದ ಕೋಳಿ, ನೀರುಕಾಗೆ.

<b>ಬತ್ತಿದ ಕೆರೆಗೆ ಬಂದ ನೀರು</b>

ಆದರೆ ಎಷ್ಟೋ ವರ್ಷ ಈ ಉಬ್ಬರವೇ ಬರಲಿಲ್ಲ. ಮಳೆ ಕೈಕೊಟ್ಟಿತು, ಕಾಲುವೆಗಳು ಒತ್ತುವರಿಯಾದವು, ಕೊಳವೆಬಾವಿ ಸಾವಿರ ಅಡಿ ದಾಟಿತು. ಅಪ್ಪ ಈಜು ಕಲಿತ ಕೆರೆಯಲ್ಲಿ ಮಗ ಕ್ರಿಕೆಟ್ ಆಡಿದ. ಉಳಿದ ಜಾಗವನ್ನು ಜಾಲಿ ಆಕ್ರಮಿಸಿತು.

2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಇದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿದ ನೀರು. ನೇರ ಬಳಕೆಗಲ್ಲ, ಅಂತರ್ಜಲ ತುಂಬಲು. ಮರುತಿಂಗಳೇ ಕೆರೆಯಲ್ಲಿ ನೊರೆ ಕಂಡಿತು. ಹೈಕೋರ್ಟ್ ತಡೆ ನೀಡಿ, ಸೆಪ್ಟೆಂಬರ್‌ನಲ್ಲಿ ತೆರವು ಮಾಡಿತು. 'ನೀರು ಬಂತಲ್ಲ' ಎಂಬ ಸಮಾಧಾನ ಒಂದೆಡೆ, 'ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು' ಎಂಬ ಕೂಗು ಇನ್ನೊಂದೆಡೆ. ಎರಡರಲ್ಲೂ ಹುರುಳಿದೆ. ಎರಡು ಹಂತ ದಾಟಿದ ನೀರಿನಲ್ಲೂ ಸಾರಜನಕ, ರಂಜಕ ಉಳಿಯಬಲ್ಲವು. ಅವು ಪಾಚಿಗೆ, ಅಂತರಗಂಗೆ ಕಳೆಗೆ ಗೊಬ್ಬರ. ಕಳೆ ಮುಚ್ಚಿದರೆ ನೀರಿಗೆ ಉಸಿರುಕಟ್ಟುತ್ತದೆ.

ಇನ್ನೊಂದು ಸೂಕ್ಷ್ಮವೂ ಉಂಟು. ಕೊಳವೆಯ ನೀರಿಗೆ ಋತುವಿಲ್ಲ. ಕೆರೆ ವರ್ಷವಿಡೀ ತುಂಬಿದ್ದರೆ ಈಜುವ, ಮುಳುಗುವ ಹಕ್ಕಿಗಳಿಗೆ ಹಬ್ಬ. ತೆಳುನೀರಿನ ಕೆಸರನ್ನೇ ನಂಬಿದ ಗೊರವಗಳಿಗೆ ಊಟದ ತಟ್ಟೆಯೇ ಮುಳುಗಿದಂತೆ. ನೀರಿದ್ದರೆ ಸಾಲದು, ನೀರು ಇಳಿಯಲೂ ಬೇಕು.

<b>ಮಕ್ಕಳಿಗೊಂದು ಕೆಲಸ</b>

ಇದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಡ. ಮಳೆನೀರಿನ ಒಂದು ಕೆರೆ, ಕೊಳವೆ ನೀರು ಬರುವ ಒಂದು ಕೆರೆ ಆರಿಸಿಕೊಳ್ಳಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ತಿಂಗಳಿಗೊಂದು ಭಾನುವಾರ, ಬೆಳಗ್ಗೆ ಆರೂವರೆಗೆ ಏರಿಯ ಮೇಲೆ ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿ. ನೀರಿನ ಅಂಚು ಎಲ್ಲಿದೆ? ಅಂಚಿನಲ್ಲಿ ನಡೆಯುವ ಹಕ್ಕಿ ಎಷ್ಟು, ಈಜುವ ಹಕ್ಕಿ ಎಷ್ಟು? ಹೆಸರು ತಿಳಿಯದಿದ್ದರೆ ಚಿತ್ರ ಬರೆದುಕೊಳ್ಳಿ. ಆರು ತಿಂಗಳ ಆ ನೋಟ್‌ಬುಕ್ಕು ನಿಮ್ಮ ಊರಿನ ದಾಖಲೆಯಾಗುತ್ತದೆ.

ಅಪ್ಪ, ಅಮ್ಮ, ತಾತ ಜೊತೆಗಿರಲಿ. ಮೊದಲು ಕೆರೆ ಎಲ್ಲಿಯವರೆಗೆ ತುಂಬುತ್ತಿತ್ತೆಂದು ಬೆರಳು ಮಾಡಿ ತೋರಿಸಬಲ್ಲವರು ಅವರೇ.

<b>ಹೊರಡುವ ಮುನ್ನ</b>

* ಲಕ್ಷ್ಮೀಸಾಗರ ಕೆರೆ ನರಸಾಪುರದ ಸಮೀಪದಲ್ಲಿದೆ. ನರಸಾಪುರ ಬೆಂಗಳೂರು-ಕೋಲಾರ ಹೆದ್ದಾರಿಯಲ್ಲಿದೆ.
* ಮಕ್ಕಳು ನೀರಿಗಿಳಿಯುವುದು ಬೇಡ. ಮಣ್ಣು ತೆಗೆದ ಹೊಂಡಗಳು ನೀರಿನಡಿ ಕಾಣುವುದಿಲ್ಲ.
* ಕೆರೆಯ ನೀರು ಕುಡಿಯಬೇಡಿ, ಮನೆಯಿಂದಲೇ ಒಯ್ಯಿರಿ.
* ಕಡುಬಣ್ಣದ ಬಟ್ಟೆ ಬೇಡ, ಗದ್ದಲ ಬೇಡ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತಾಳ್ಮೆ ಸಾಕು.