ಕೊಳವೆಬಾವಿ ಬಿಟ್ಟ ಕಲೆ

ಹಾಲುಹಲ್ಲು ಬಿದ್ದ ಜಾಗದಲ್ಲಿ ಏಳನೆಯ ವರ್ಷಕ್ಕೆ ಮೂಡುವ ಮುಂದಿನ ಹಲ್ಲು ಕೆಟ್ಟದ್ದು ಏಳನೆಯ ವರ್ಷದಲ್ಲಲ್ಲ. ಮಗುವಿಗೆ ಎರಡೋ ಮೂರೋ ವರ್ಷವಿದ್ದಾಗ, ಹಲ್ಲು ಇನ್ನೂ ದವಡೆಯೊಳಗೆ ಕಟ್ಟಿಕೊಳ್ಳುತ್ತಿದ್ದಾಗಲೇ ಅದು ಕೆಟ್ಟಿರುತ್ತದೆ. ಆ ವಯಸ್ಸಿನಲ್ಲಿ ಕುಡಿದ ನೀರು, ಆ ನೀರಿನಲ್ಲೇ ಕಾಯಿಸಿದ ರಾಗಿ ಸರಿ, ಬೇಯಿಸಿದ ಅನ್ನ ಸಾರು, ಎಲ್ಲದರಿಂದಲೂ ಫ್ಲೋರೈಡ್ ರಕ್ತಕ್ಕೆ ಸೇರಿ ಹಲ್ಲಿನ ಹೊರಪದರವಾದ ಎನಾಮೆಲ್‌ಗೆ ಹೋಗುತ್ತದೆ. ಅದು ಮಿತಿ ಮೀರಿದರೆ ಎನಾಮೆಲ್ ಪೂರ್ತಿ ಗಟ್ಟಿಯಾಗುವುದಿಲ್ಲ, ಒಳಗೆ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಬಾಯಿಗೆ ಬಂದ ಹೊಸತರಲ್ಲಿ ಅಂಥ ಹಲ್ಲಿನ ಮೇಲೆ ಹೊಳಪಿಲ್ಲದ ಬಿಳಿ ಮಚ್ಚೆಗಳು ಕಾಣುತ್ತವೆ. ವರ್ಷ ಕಳೆದಂತೆ ಊಟ, ಟೀ, ಕಾಫಿಯ ಬಣ್ಣವನ್ನು ಆ ರಂಧ್ರಗಳು ಹೀರಿಕೊಳ್ಳುತ್ತವೆ. ಮೊದಲು ಹಳದಿ, ಆಮೇಲೆ ಕಂದು. ಇದಕ್ಕೆ ಫ್ಲೋರೋಸಿಸ್ ಎಂದು ಹೆಸರು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಇಂಥ ಹಲ್ಲು ಹೊತ್ತು ಬೆಳೆಯುವ ಮಕ್ಕಳಿಗೆ ಮೇಷ್ಟ್ರಿಂದ ಹಿಡಿದು ನೆಂಟರವರೆಗೆ ಎಲ್ಲರೂ ಹೇಳುವುದು ಒಂದೇ ಮಾತು: 'ಸರಿಯಾಗಿ ಹಲ್ಲುಜ್ಜು.' ಉಜ್ಜಿದರೆ ಹೋಗುವ ಕಲೆ ಅದಲ್ಲ. ಆದರೂ ಮಗು ಉಜ್ಜುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು, ನಿಂಬೆಹುಳಿ, ಯಾರು ಏನು ಹೇಳಿದರೆ ಅದನ್ನು ಹಾಕಿ ಉಜ್ಜುತ್ತದೆ. ಮೊದಲೇ ಬಲವಿಲ್ಲದ ಎನಾಮೆಲ್ ಇನ್ನಷ್ಟು ಸವೆದು ಹಲ್ಲು ಜುಮ್ಮೆನ್ನುತ್ತದೆಯೇ ಹೊರತು ಬಣ್ಣ ಹೋಗುವುದಿಲ್ಲ. ತಾನು ಮಾಡದ ತಪ್ಪಿಗೆ ಕೊಳಕನೆಂಬ ಹೆಸರು ಹೊತ್ತ ಹುಡುಗ ನಗುವುದನ್ನೇ ಕಡಿಮೆ ಮಾಡುತ್ತಾನೆ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಲು ಕಲಿಯುತ್ತಾಳೆ. ಮದುವೆಯ ಮಾತು ಬಂದಾಗ, ಕೆಲಸದ ಸಂದರ್ಶನಕ್ಕೆ ಕೂತಾಗ ಆ ಕೈ ಮತ್ತೆ ಮೇಲೇಳುತ್ತದೆ. ಈ ಹಲ್ಲುಗಳನ್ನು ಸರಿಪಡಿಸುವುದು ಶೋಕಿ ಎನ್ನುವವರಿಗೆ ಈ ಲೇಖನದ ಮೂಲಕ ಉತ್ತರ ಹೇಳಬೇಕೆಂಬುದು ನನ್ನ ಆಸೆ.

ಮೊದಲು ನೀರಿನ ವಿಷಯ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಕೆರೆ ಕಟ್ಟಿ, ತೆರೆದ ಬಾವಿ ತೋಡಿ ಬದುಕಿದರು. ಕೆರೆ ಒಣಗಿ ಬಾವಿ ಬತ್ತಿದ ಮೇಲೆ ಬೋರು ಬಂತು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಸಾವಿರ ಅಡಿ, ಸಾವಿರದೈನೂರು ಅಡಿ ಇಳಿದದ್ದಾಯಿತು. ಇಲ್ಲಿನ ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಹಿಡಿದಿಟ್ಟ ಖನಿಜಗಳಿವೆ. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅವನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಈ ತಾಲ್ಲೂಕುಗಳ ಎಷ್ಟೋ ಬೋರುಗಳ ನೀರು ಆ ಗೆರೆ ದಾಟಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್‌ನಿಂದಲೂ ಪ್ರಯೋಜನವಿಲ್ಲ.

ನೀರಿಗೂ ಹಲ್ಲಿನ ಕಲೆಗೂ ಇರುವ ಈ ನಂಟನ್ನು ಜಗತ್ತು ಅರ್ಥಮಾಡಿಕೊಳ್ಳಲು ಮೂವತ್ತು ವರ್ಷ ಹಿಡಿಯಿತು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೆ ಎಂಬ ದಂತವೈದ್ಯ, ಆ ಊರಲ್ಲೇ ಹುಟ್ಟಿ ಬೆಳೆದವರ ಹಲ್ಲು ಕಂದಾಗಿರುವುದನ್ನು ಕಂಡು ಅದರ ಬೆನ್ನು ಹತ್ತಿದ. ನೀರಿನಲ್ಲಿ ಏನೋ ಇದೆ ಎಂಬ ಅವನ ಗುಮಾನಿ ನಿಜವೆಂದು ತಿಳಿದದ್ದು 1931ರಲ್ಲಿ, ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಇಂಥ ಊರುಗಳ ನೀರಿನಲ್ಲಿ ಫ್ಲೋರೈಡ್ ಪತ್ತೆಮಾಡಿದಾಗ. ನಮ್ಮ ದೇಶದಲ್ಲಿ ಮೊದಲ ವರದಿ 1937ರದು. ಅದು ಬಂದದ್ದು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಅಲ್ಲಿ ಹಲ್ಲಷ್ಟೇ ಅಲ್ಲ, ಬೆನ್ನೆಲುಬೂ ಬಿಗಿದು ಬಗ್ಗಲಾಗದ ಜನರಿದ್ದರು. ಫ್ಲೋರೈಡ್ ಬಹುಕಾಲ ದೇಹಕ್ಕೆ ಸೇರಿದರೆ ಮೂಳೆಯನ್ನೂ ಬಿಡುವುದಿಲ್ಲ. ಮೂಳೆಯ ಕಾಯಿಲೆಗೆ ಮದ್ದು ಕಡಿಮೆ. ಹಲ್ಲಿಗೆ ಹಾಗಲ್ಲ, ಸರಿಪಡಿಸುವ ದಾರಿ ಇದೆ.

ಆ ದಾರಿಗಳಲ್ಲಿ ಒಂದು ಬಾಂಡಿಂಗ್. ನಮ್ಮ ಕಡೆ 'ಹಲ್ಲಿಗೆ ಸಿಮೆಂಟ್ ಹಾಕಿಸೋದು' ಎನ್ನುವ ಕೆಲಸದ ಬಲು ನಯವಾದ ರೂಪ ಇದು. ಹಲ್ಲಿನ ಬಣ್ಣದ್ದೇ ಆದ ಕಾಂಪೋಸಿಟ್ ಎಂಬ ಮೆತ್ತನೆಯ ವಸ್ತುವನ್ನು ಹಲ್ಲಿನ ಮೇಲೆ ತೆಳುವಾಗಿ ಹಚ್ಚಿ, ಆಕಾರ ಕೊಟ್ಟು, ನೀಲಿ ಬೆಳಕಿನಿಂದ ಗಟ್ಟಿಮಾಡುತ್ತಾರೆ. ರಾಳದಲ್ಲಿ ಗಾಜಿನ ನುಣ್ಣನೆಯ ಕಣಗಳನ್ನು ಬೆರೆಸಿ ಮಾಡಿದ ವಸ್ತು ಅದು. ಅಮೆರಿಕದ ರೇಫೆಲ್ ಬೋವೆನ್ 1962ರಲ್ಲಿ ಅದರ ಮೂಲ ರಾಳವನ್ನು ರೂಪಿಸಿದ. ಅದಕ್ಕೂ ಮುಂಚೆ, 1955ರಲ್ಲಿ, ಮೈಕೆಲ್ ಬ್ಯುವನೊಕೋರ್ ಎಂಬ ಇನ್ನೊಬ್ಬ ಸಂಶೋಧಕ ಫಾಸ್ಫಾರಿಕ್ ಆಮ್ಲ ಸವರಿದ ಎನಾಮೆಲ್‌ಗೆ ರಾಳ ಬಿಗಿಯಾಗಿ ಅಂಟುತ್ತದೆ ಎಂದು ತೋರಿಸಿದ್ದ. ನುಣುಪು ಗೋಡೆಯ ಮೇಲೆ ಗಾರೆ ನಿಲ್ಲಲೆಂದು ಮೇಸ್ತ್ರಿ ಮೊದಲು ಅದನ್ನು ಕೊಚ್ಚಿ ಒರಟು ಮಾಡುವುದಿಲ್ಲವೇ, ಆಮ್ಲ ಮಾಡುವುದೂ ಅದನ್ನೇ. ಕಣ್ಣಿಗೆ ಕಾಣದ ಸಣ್ಣ ಹಳ್ಳಗಳೆದ್ದು, ಆಮೇಲೆ ಹಚ್ಚಿದ ಅಂಟುದ್ರವ ಅವುಗಳೊಳಗೆ ಇಳಿದು ಹಿಡಿದುಕೊಳ್ಳುತ್ತದೆ.

ಕೋಲಾರದ ಹಲ್ಲಿನ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ಫ್ಲೋರೈಡ್ ಹೆಚ್ಚಾದ ಎನಾಮೆಲ್‌ನ ಒಳಪದರ ದುರ್ಬಲ, ಆದರೆ ತೀರಾ ಮೇಲಿನ ಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸಾಮಾನ್ಯ ಹಲ್ಲಿಗೆ ಹದಿನೈದರಿಂದ ಮೂವತ್ತು ಸೆಕೆಂಡು ಆಮ್ಲ ಹಚ್ಚಿದರೆ ಸಾಕಾದರೆ, ಈ ಹಲ್ಲಿನ ಮೇಲ್ಮೈಯನ್ನು ತುಸು ಉಜ್ಜಿ ಇನ್ನೂ ಹೆಚ್ಚು ಹೊತ್ತು ಹಚ್ಚಬೇಕಾಗಬಹುದು. ಅವಸರದಲ್ಲಿ ಮಾಡಿದರೆ ಆರು ತಿಂಗಳಿಗೇ ಲೇಪ ಕಿತ್ತುಬರುತ್ತದೆ. ಕಂದು ಗಾಢವಾಗಿದ್ದರೆ ಅಡಿಯ ಬಣ್ಣ ಇಣುಕದಂತೆ ಮೊದಲು ಒಂದು ಮಬ್ಬು ಪದರ ಕೊಟ್ಟು, ಅದರ ಮೇಲೆ ಹಲ್ಲಿನ ಬಣ್ಣದ ಪದರ ಹಚ್ಚಬೇಕು. ಬಣ್ಣ ಆರಿಸುವ ಕೆಲಸ ಹಲ್ಲು ಒದ್ದೆಯಾಗಿರುವಾಗಲೇ ಮುಗಿಯಬೇಕು; ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಒಂದೊಂದೇ ತೆಳು ಪದರ, ಪ್ರತಿ ಪದರಕ್ಕೂ ಇಪ್ಪತ್ತು ಸೆಕೆಂಡಿನಷ್ಟು ನೀಲಿ ಬೆಳಕು, ಕೊನೆಗೆ ಪಾಲಿಶ್. ಒಂದು ಹಲ್ಲಿಗೆ ಅರ್ಧ ಗಂಟೆಯಿಂದ ಒಂದು ಗಂಟೆ. ಬಹಳ ಸಲ ಇಂಜೆಕ್ಷನ್ನೂ ಬೇಕಾಗುವುದಿಲ್ಲ. ಇದೆಲ್ಲ ತಾಳ್ಮೆಯ ಕೈಗೆಲಸ. ಹೋಗುವ ಮುಂಚೆ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಫ್ಲೋರೋಸಿಸ್ ಹಲ್ಲಿಗೆ ಈ ಕೆಲಸ ಮಾಡಿ ನಿಮಗೆ ರೂಢಿ ಇದೆಯೇ?

ಎಲ್ಲ ಕಲೆಗೂ ಬಾಂಡಿಂಗ್ ಬೇಕಿಲ್ಲ ಎಂಬುದನ್ನೂ ಹೇಳಲೇಬೇಕು. ಬಿಳಿ ಮಚ್ಚೆ, ತೆಳು ಹಳದಿ ಇದ್ದವರಿಗೆ ಆಮ್ಲ ಬೆರೆಸಿದ ಪುಡಿಯಿಂದ ಮೇಲಿನ ಪದರವನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯುವ ಮೈಕ್ರೋ ಅಬ್ರೇಶನ್ ಸಾಕಾಗಬಹುದು, ಬ್ಲೀಚಿಂಗ್ ಸಾಕಾಗಬಹುದು. ತೀರಾ ಪುಡಿಯಾಗುತ್ತಿರುವ ಹಲ್ಲಿಗೆ ಕ್ಯಾಪ್ ಹಾಕಿಸುವುದು ಅನಿವಾರ್ಯವಾಗಬಹುದು. ಇವೆರಡರ ನಡುವಿನವರಿಗೆ, ಅದರಲ್ಲೂ ಹದಿನಾಲ್ಕು ಹದಿನೈದರ ಮಕ್ಕಳಿಗೆ, ಬಾಂಡಿಂಗ್‌ನಷ್ಟು ಒಪ್ಪುವ ಚಿಕಿತ್ಸೆ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಕ್ಯಾಪ್ ಹಾಕಲು ಹಲ್ಲನ್ನು ಸುತ್ತಲೂ ಕೊರೆಯಬೇಕು. ಚಿಕ್ಕ ವಯಸ್ಸಿನಲ್ಲಿ ಹಲ್ಲಿನೊಳಗಿನ ನರದ ಕೋಣೆ ದೊಡ್ಡದಿರುವುದರಿಂದ ಹಾಗೆ ಕೊರೆಯುವುದು ಅಪಾಯ. ವಸಡಿನ ಅಂಚೂ ಇನ್ನೂ ನೆಲೆ ನಿಂತಿರುವುದಿಲ್ಲ. ಬಾಂಡಿಂಗ್‌ನಲ್ಲಿ ಹಲ್ಲನ್ನು ಕೊರೆಯುವುದು ಅತ್ಯಲ್ಪ, ಎಷ್ಟೋ ಸಲ ಏನೂ ಇಲ್ಲ. ಮುಂದೆ ಬೇರೆ ಚಿಕಿತ್ಸೆ ಬೇಕೆನಿಸಿದರೆ ಹಲ್ಲು ಉಳಿದಿರುತ್ತದೆ.

ಕಲೆಯಿಲ್ಲದವರಿಗೂ ಇದು ಬೇಕಾಗುವುದುಂಟು. ಕಬಡ್ಡಿ ಆಡುವಾಗ, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದಾಗ ಮುಂದಿನ ಹಲ್ಲು ಮುರಿದರೆ ಮುರಿದ ತುಂಡನ್ನು ಬಿಸಾಡಬೇಡಿ. ಹಾಲಿನಲ್ಲಿಟ್ಟು ಬೇಗ ದಂತವೈದ್ಯರ ಬಳಿ ಒಯ್ದರೆ ಅದೇ ತುಂಡನ್ನು ಇದೇ ವಿಧಾನದಿಂದ ಕೂಡಿಸಬಹುದು. ಹಲ್ಲಿನ ನಡುವಿನ ಸಂದಿ ಮುಚ್ಚಲೂ ಆಗುತ್ತದೆ.

ಲೇಪ ಶಾಶ್ವತವಲ್ಲ. ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬಾಳುತ್ತದೆ. ಆಮೇಲೆ ಅಲ್ಲಲ್ಲಿ ದುರಸ್ತಿ ಬೇಕು. ಮೊದಲ ಎರಡು ದಿನ ಕಾಫಿ ಟೀ ಬೇಡ. ಗುಟ್ಕಾ, ಎಲೆಅಡಿಕೆ ಯಾವ ದಿನವೂ ಬೇಡ. ಕಬ್ಬು, ಚಕ್ಕುಲಿಯನ್ನು ಮುಂದಿನ ಹಲ್ಲಿನಿಂದ ಕಡಿಯಬಾರದು. ಮಾವಿನ ನಾಡಾದ ಶ್ರೀನಿವಾಸಪುರದವರಿಗೆ ಹೇಳುವುದು ಕಷ್ಟವಾದರೂ ಹೇಳಬೇಕು: ಮಾವಿನ ಕಾಯನ್ನು ಹಲ್ಲಿನಿಂದ ಕಚ್ಚಿ ಸೀಳುವುದನ್ನು ಬಿಟ್ಟು ಹೆಚ್ಚಿಕೊಂಡು ತಿನ್ನಿ. ಬಿಳಿ ಕಾಗದದಂಥ ಬಣ್ಣವನ್ನು ಕೇಳಿ ಹಾಕಿಸಿಕೊಳ್ಳಲೂ ಬೇಡಿ, ಪಕ್ಕದ ಹಲ್ಲಿಗೆ ಹೊಂದುವ ಬಣ್ಣವೇ ಚೆಂದ.

ಖರ್ಚು ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಖಾಸಗಿ ಕ್ಲಿನಿಕ್‌ಗಳಲ್ಲಿ ಹಲ್ಲೊಂದಕ್ಕೆ ಸಾವಿರದ ಲೆಕ್ಕ. ನಗುವಾಗ ಕಾಣುವ ಮೇಲಿನ ಆರು ಹಲ್ಲಿಗೆ ಕೂಲಿ ಮಾಡುವ ಮನೆಯವರು ಎಲ್ಲಿಂದ ತರಬೇಕು? ಕೆಜಿಎಫ್‌ನಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನಲ್ಲಿ 1958ರಿಂದ ಸರ್ಕಾರಿ ದಂತ ಕಾಲೇಜು ನಡೆಯುತ್ತಿದೆ. ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಕಡಿಮೆ, ಹಿರಿಯ ವೈದ್ಯರ ಕಣ್ಣೆದುರೇ ಕೆಲಸ ನಡೆಯುತ್ತದೆ. ಆದರೆ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಹುಡುಗಿಯೊಬ್ಬಳು ಇದಕ್ಕಾಗಿ ಮೂರು ನಾಲ್ಕು ಸಲ ಬಸ್ಸು ಹತ್ತಬೇಕು, ಜೊತೆಗೆ ಹೋಗುವ ತಾಯಿ ಅಷ್ಟೂ ದಿನದ ಕೂಲಿ ಬಿಡಬೇಕು.

ನಮ್ಮ ಸರ್ಕಾರ ದಂತಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಟ್ಟಿದೆ. ಅದು ಒಳ್ಳೆಯ ಕೆಲಸ, ಹಲ್ಲಿಲ್ಲದ ಅಜ್ಜಿ ಮತ್ತೆ ಮುದ್ದೆಯ ಜೊತೆ ಕಾಳು ಅಗಿಯುವಂತಾಗುವುದು ಸಣ್ಣ ಮಾತಲ್ಲ. ಆದರೆ ಅಜ್ಜಿಯ ಪಕ್ಕದಲ್ಲಿ ಕೂತ ಮೊಮ್ಮಗಳ ಕಂದು ಹಲ್ಲು ಸೌಂದರ್ಯದ ವಿಷಯವೆಂದು ಲೆಕ್ಕದಿಂದ ಹೊರಗೇ ಉಳಿಯುತ್ತದೆ. ಆಕೆಯ ಹಲ್ಲು ಕೆಟ್ಟದ್ದು ಪಂಚಾಯಿತಿ ಕೊಟ್ಟ ಬೋರಿನ ನೀರಿನಿಂದ. ಸಾರ್ವಜನಿಕ ನೀರು ಮಾಡಿದ ಹಾನಿಯನ್ನು ಸಾರ್ವಜನಿಕ ಹಣದಿಂದ ಸರಿಪಡಿಸಬೇಕಾದದ್ದು ನ್ಯಾಯ.

ನೀರಿನ ಸ್ಥಿತಿ ಬದಲಾಗುತ್ತಿಲ್ಲವೆಂದಲ್ಲ. ಶಾಶ್ವತ ನೀರಾವರಿಗಾಗಿ ಈ ಭಾಗದ ರೈತರು 2016ರಲ್ಲಿ ಟ್ರ್ಯಾಕ್ಟರ್ ಏರಿ ಬೆಂಗಳೂರಿನತ್ತ ಹೊರಟದ್ದು ಇನ್ನೂ ನೆನಪಿದೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ವ್ಯಾಲಿಯ ಸಂಸ್ಕರಿತ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಅದು ಕುಡಿಯಲು ಅಲ್ಲ, ಅಂತರ್ಜಲ ತುಂಬಲು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ಬೇಡಿಕೆ ನ್ಯಾಯವಾದದ್ದು. 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಕುಡಿಯುವ ನೀರು ಕೊಡಲೆಂದೇ ಕಟ್ಟಿದ್ದು. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ. ಅವು ಕೆಟ್ಟು ನಿಂತಾಗ ಜನ ಮತ್ತೆ ಬೋರಿಗೇ ಹೋಗುತ್ತಾರೆ. ಘಟಕ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚಿರುತ್ತದೆ, ಅದನ್ನು ದನದ ತೊಟ್ಟಿಗೆ ಬಿಡಬಾರದು ಎಂಬುದೂ ಎಲ್ಲರಿಗೂ ಗೊತ್ತಾಗಬೇಕು. ಮನೆ ಮನೆಗೆ ನಲ್ಲಿ ಬಂದಿದೆ. ನಲ್ಲಿಯ ಇನ್ನೊಂದು ತುದಿ ಅದೇ ಬೋರಿನಲ್ಲಿದ್ದರೆ ಹಲ್ಲಿಗೆ ವ್ಯತ್ಯಾಸವೇನೂ ಆಗದು.

ಕ್ಯಾನಿನ ನೀರನ್ನು ಕುಡಿಯಲು ಇಟ್ಟುಕೊಂಡು ಅಡುಗೆಗೆ ಬೋರಿನ ನೀರು ಬಳಸುವ ಮನೆಗಳು ಬಹಳ. ಸಾರು, ಅನ್ನ, ಮುದ್ದೆಯ ನೀರೂ ಹೊಟ್ಟೆಗೇ ಹೋಗುತ್ತದೆ. ಇನ್ನೊಂದು ಜಾಗ ನನ್ನನ್ನು ಹೆಚ್ಚು ಕಾಡುತ್ತದೆ. 2013ರಿಂದ ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಹಾಲಿನ ಪುಡಿಯನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ನೀರಿಗೆ ಬೆರೆಸಿ ಕಾಯಿಸಿ ಕೊಡುತ್ತಾರೆ. ಹಾಲಿನ ಕ್ಯಾಲ್ಸಿಯಂ, ರಾಗಿಯ ಕ್ಯಾಲ್ಸಿಯಂ ಎರಡೂ ಫ್ಲೋರೈಡ್ ಮೈಗೆ ಹತ್ತುವುದನ್ನು ತಗ್ಗಿಸುತ್ತವೆ, ನಿಜ. ಆದರೆ ಪುಡಿ ಬೆರೆಸುವ ನೀರೇ ಬೋರಿನದಾದರೆ ಆ ಲಾಭದಲ್ಲಿ ಎಷ್ಟು ಉಳಿದೀತು? ಅಂಗನವಾಡಿಯ ವಯಸ್ಸೇ ಶಾಶ್ವತ ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸು. ಎಂಟು ವರ್ಷ ದಾಟಿದ ಮೇಲೆ ಶುದ್ಧ ನೀರು ಕೊಟ್ಟರೆ ಮೂಳೆ ಉಳಿದೀತು, ಮುಂದಿನ ಹಲ್ಲು ಅಷ್ಟರಲ್ಲಿ ಆಗಲೇ ಆಗಿಹೋಗಿರುತ್ತದೆ.

ಜಿಲ್ಲಾಡಳಿತವನ್ನು, ಆರೋಗ್ಯ ಇಲಾಖೆಯನ್ನು ಕೇಳುವುದು ಎರಡನ್ನು. ಈ ನಾಲ್ಕೂ ತಾಲ್ಲೂಕಿನ ಪ್ರತಿ ಅಂಗನವಾಡಿಗೂ ಅಡುಗೆ ಸೇರಿದಂತೆ ಎಲ್ಲಕ್ಕೂ ಫ್ಲೋರೈಡ್ ಮುಕ್ತ ನೀರು ಮೊದಲು ಸಿಗಲಿ. ಹೈಸ್ಕೂಲು, ಪಿಯು ಓದುವ ಮಕ್ಕಳ ಫ್ಲೋರೋಸಿಸ್ ಹಲ್ಲಿನ ಬಾಂಡಿಂಗ್ ಅನ್ನು ದಂತಭಾಗ್ಯದ ಪಟ್ಟಿಗೆ ಸೇರಿಸಿ, ತಾಲ್ಲೂಕು ಆಸ್ಪತ್ರೆಗಳಲ್ಲೇ ದಂತ ಕಾಲೇಜುಗಳ ಶಿಬಿರ ನಡೆಸಿ. ಓದುಗರಲ್ಲಿ ಕೇಳುವುದು ಇಷ್ಟು: ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರ ನೀರಿನ ಫ್ಲೋರೈಡ್ ಎಷ್ಟಿದೆ ಎಂದು ಎದ್ದು ನಿಂತು ಕೇಳಿ, ಆ ಅಂಕಿಯನ್ನು ನೀರಿನ ಘಟಕದ ಗೋಡೆಯ ಮೇಲೆ ಬರೆಸಿ. ಕಲೆ ಹಲ್ಲಿನ ಮಗುವಿಗೆ ಸರಿಯಾಗಿ ಉಜ್ಜು ಎಂದು ಇನ್ನು ಗದರಬೇಡಿ.